ದಿಕ್ಕು ಬದಲಿಸಿದ ನೀರು

ಡೊಂಬಿವಲಿಯಂತಹ ಊರಿನಲ್ಲಿ ನೀರೆಂಬುದು ಮೊದಲಿಗೆ ಒಂದು ವೇಳಾಪಟ್ಟಿ. ಲೋಕಲ್ ಗಾಡಿಯ ವೇಳೆ ಮತ್ತು ನಲ್ಲಿಯ ವೇಳೆ, ಇವೆರಡರ ನಡುವೆ ಸಂಸಾರವನ್ನು ಹೊಂದಿಸಿಕೊಂಡವನೇ ಇಲ್ಲಿನ ನಿವಾಸಿ. ಕರಾವಳಿಯಿಂದ ಬಂದ ಕನ್ನಡಿಗನ ನೆನಪಿನಲ್ಲಿ ತೋಡು, ಕೆರೆ, ಬಾವಿಗಳು ತುಂಬಿಕೊಂಡಿರುತ್ತವೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದವನ ನೆನಪಿನಲ್ಲಿರುವುದು ಬತ್ತಿದ ಹಳ್ಳ ಮತ್ತು ತಾಯಿ ಕೊಡ ಹೊತ್ತು ನಡೆದ ದಾರಿ. ಇಂಥವರ ಮಕ್ಕಳು ರಜೆಯ ದಿನ ನಸುಕಿನಲ್ಲೆದ್ದು, ದುಡ್ಡು ತೆತ್ತು, ಉಕ್ಕಿ ಹರಿಯುವ ನೀರಿನಲ್ಲಿ ತೊಯ್ಯಲು ಹೊರಡುತ್ತಾರೆಂಬುದು ಹಿರಿಯರಿಗೆ ಸೋಜಿಗದ ಸಂಗತಿ. ಆದರೆ ಆ ನೀರಿನ ಜಾಡು ಹಿಡಿದು ಹೋದರೆ ಸೋಜಿಗ ಅಲ್ಲಿಗೆ ಮುಗಿಯುವುದಿಲ್ಲ.

ಮಕ್ಕಳು ಹೋಗುವುದು ರಾಯಗಡ ಜಿಲ್ಲೆಯ ಕೋಲಾಡಿಗೆ. ಶಿಲ್‌ಫಾಟಾ ದಾಟಿ, ಪನವೇಲ್, ಪೇಣ್, ನಾಗೋಠಣೆಗಳ ಮೂಲಕ ಗೋವೆಯ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಸಣ್ಣ ಊರು ಅದು. ಅದರ ಬಳಿ ಹರಿಯುವ ಹೊಳೆ ಕುಂಡಲಿಕಾ. ಮಳೆಗಾಲ ಕಳೆದ ಮೇಲೆ ಕೊಂಕಣದ ಹೊಳೆಗಳು ಸೊರಗಿ, ಚೈತ್ರ ವೈಶಾಖಗಳಲ್ಲಿ ಬರಿಯ ಕಲ್ಲುಗಳ ಸಾಲಾಗಿಬಿಡುವುದು ವಾಡಿಕೆ. ಕುಂಡಲಿಕಾ ಮಾತ್ರ ಉರಿಬಿಸಿಲಿನಲ್ಲಿಯೂ ಬೆಳಗಿನ ಹೊತ್ತು ನೊರೆಗಟ್ಟಿ ಧುಮುಕುತ್ತದೆ, ಮಧ್ಯಾಹ್ನವಾಗುತ್ತಲೇ ತಗ್ಗುತ್ತದೆ. ಹೊಳೆಯೂ ನೌಕರಿಗೆ ಹೋಗಿ ಬರುವಂತೆ ತೋರುವ ಈ ಶಿಸ್ತಿನ ಹಿಂದೆ ಒಂದು ವಿದ್ಯುದಾಗಾರವಿದೆ.

ತೆಪ್ಪದ ಆಟದ ಕ್ರಮ ಸರಳವಾದದ್ದು. ಗಾಳಿ ತುಂಬಿದ ಗಟ್ಟಿ ರಬ್ಬರಿನ ತೆಪ್ಪ. ಎರಡೂ ಅಂಚಿನಲ್ಲಿ ಹುಟ್ಟು ಹಿಡಿದು ಕೂರುವ ಏಳೆಂಟು ಮಂದಿ. ಹಿಂದೆ ಕುಳಿತು ದಿಕ್ಕು ನೋಡುವ ಮಾರ್ಗದರ್ಶಿ. ತಲೆಗೆ ಶಿರಸ್ತ್ರಾಣ, ಎದೆಗೆ ತೇಲುವ ಕವಚ. ನೀರಿಗಿಳಿಯುವ ಮುನ್ನ ದಡದಲ್ಲಿಯೇ ಪಾಠ ನಡೆಯುತ್ತದೆ: ಪಾದವನ್ನು ತೆಪ್ಪದ ಮಡಿಕೆಯೊಳಗೆ ಸಿಕ್ಕಿಸಿ ಕೂರಬೇಕು, 'ಫಾರ್ವರ್ಡ್' ಎಂದಾಗ ಎಲ್ಲರ ಹುಟ್ಟೂ ಒಟ್ಟಿಗೆ ಬೀಳಬೇಕು, ನೀರಿಗೆ ಬಿದ್ದವನು ನಿಲ್ಲಲು ಯತ್ನಿಸಕೂಡದು, ಕಾಲನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಿ ಅಂಗಾತ ತೇಲಬೇಕು. ಈ ಕೊನೆಯ ಮಾತು ಅತ್ಯಂತ ಮಹತ್ತ್ವದ್ದು. ಹರಿಯುವ ನೀರಿನಲ್ಲಿ ನಿಲ್ಲಹೊರಟವನ ಕಾಲು ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡರೆ ನೀರೇ ಅವನನ್ನು ಮುಗುಚಿ ಅದುಮಿಡುತ್ತದೆ. ಬೇರುಬಿಡಲು ಹವಣಿಸುವವನನ್ನು ಮುಳುಗಿಸಿ, ಒಪ್ಪಿಸಿಕೊಂಡವನನ್ನು ದಡ ಸೇರಿಸುವುದು ಹೊಳೆಯ ನ್ಯಾಯ. ವಲಸೆ ಬಂದವರಿಗೆ ಈ ನ್ಯಾಯ ಅಪರಿಚಿತವಲ್ಲ.

ಕನ್ನಡಿಗನಿಗೆ ಇದನ್ನು ಕಂಡಾಗ ಹರಿಗೋಲು ನೆನಪಾಗುವುದು ಸಹಜ. ತುಂಗಭದ್ರೆ, ಕೃಷ್ಣೆಯರ ಮಡುಗಳಲ್ಲಿ ಬುಟ್ಟಿಯಂತೆ ತಿರುಗುತ್ತ ಸಾಗುವ ಹರಿಗೋಲು, ಅದನ್ನು ನಡೆಸುವ ಅಂಬಿಗ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನಿಂದಾಗಿ ಆ ಕಾಯಕಕ್ಕೆ ಕನ್ನಡ ಸಾಹಿತ್ಯದಲ್ಲಿ ಒಂದು ಪೀಠವೇ ಇದೆ. ಆದರೆ ಹರಿಗೋಲಿಗೂ ಈ ತೆಪ್ಪಕ್ಕೂ ಮೂಲಭೂತವಾದ ಅಂತರವುಂಟು. ಹರಿಗೋಲು ಹತ್ತುವವನಿಗೆ ಆಚೆ ದಡದಲ್ಲಿ ಕೆಲಸವಿರುತ್ತದೆ: ಸಂತೆ, ಜಾತ್ರೆ, ಮಗಳ ಮನೆ. ಅವನು ಬಯಸುವುದು ಶಾಂತವಾದ ನೀರನ್ನು. ತೆಪ್ಪದವನಿಗೆ ಆಚೆ ದಡ ಬೇಕಿಲ್ಲ. ಅಂಬಿಗನು ತಪ್ಪಿಸಿಕೊಳ್ಳುತ್ತಿದ್ದ ಸುಳಿಗಳನ್ನೇ ಅವನು ಹುಡುಕಿಕೊಂಡು ಹೋಗುತ್ತಾನೆ. ಹಿರಿಯರ ಭಯ ಕಿರಿಯರ ವಿನೋದವಾಗಲು ನಡುವೆ ಒಂದು ತಲೆಮಾರಿನ ಸಂಬಳ ಬೇಕಾಗುತ್ತದೆ.

ಅಫಜಲಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಮನೆ ಮಾಡಿದ ಗೃಹಸ್ಥರೊಬ್ಬರು ಮಗನ ಒತ್ತಾಯಕ್ಕೆ ಒಮ್ಮೆ ಈ ತೆಪ್ಪವೇರಿದರು. ಭೀಮಾ ತೀರದವರಾದರೂ ಅವರಿಗೆ ಈಜು ಬಾರದು; ಬೇಸಿಗೆಯ ಭೀಮೆ ಈಜು ಕಲಿಸುವಷ್ಟು ನೀರನ್ನು ಅವರ ಬಾಲ್ಯಕ್ಕೆ ಕೊಟ್ಟಿರಲಿಲ್ಲ. ಮೊದಲ ಧುಮುಕಿನಲ್ಲಿಯೇ ಅವರು ಹುಟ್ಟನ್ನು ಬಿಟ್ಟು ಹಗ್ಗ ಹಿಡಿದರು. "ಅಂಜಬ್ಯಾಡ್ರಿ ಅಪ್ಪಾ, ಹುಟ್ಟ ಹಾಕ್ರಿ" ಎಂದು ಮಗ ಕೂಗಿದ. ನೀರು ಶಾಂತವಾದೆಡೆ ಅವರು ಅಂಗೈಯಲ್ಲಿ ನೀರು ಮೊಗೆದು, ವೈಶಾಖದಲ್ಲಿ ಇಷ್ಟು ನೀರು ಎಲ್ಲಿಂದ ಬರುತ್ತದೆಂದು ಮಾರ್ಗದರ್ಶಿಯನ್ನು ಕೇಳಿದರು. "ಮುಳಶಿಯ ನೀರು, ಕಾಕಾ. ಘಟ್ಟದ ಆಚೆಯದು" ಎಂದ ಅವನು. ಅವರಿಗೆ ಮುಳಶಿ ಗೊತ್ತಿತ್ತು. ಮುಳಶಿಯ ಹೊಳೆ ಮುಂದೆ ಯಾವ ನದಿಗೆ ಸೇರಬೇಕಾದದ್ದೆಂಬುದೂ ಗೊತ್ತಿತ್ತು. "ಹಂಗಾದ್ರ ಇದು ನಮ್ಮ ಹೊಳಿ ನೀರೋ ತಮ್ಮಾ" ಎಂದು ಮಗನ ಕಡೆ ತಿರುಗಿ ಹೇಳಿ ಸುಮ್ಮನಾದರು. ಮಗನಿಗೆ ಆ ಮಾತು ನೀರಿನ ಸದ್ದಿನಲ್ಲಿ ಪೂರ್ತಿ ಕೇಳಿಸಲಿಲ್ಲ.

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಸಹ್ಯಾದ್ರಿಯ ನೆತ್ತಿಯೇ ಈ ನಾಡಿನ ನೀರಿನ ಗಡಿ. ಅದರ ಪೂರ್ವಕ್ಕೆ ಬಿದ್ದ ಮಳೆ ಭೀಮಾ, ಕೃಷ್ಣೆಯರನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗಬೇಕು. ಮುಳಾ ನದಿ ಪುಣೆಯಲ್ಲಿ ಮುಠೆಯನ್ನು ಕೂಡಿ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರದ ವಿಠ್ಠಲನ ಪಾದ ತೊಳೆದು, ಇಂಡಿ, ಅಫಜಲಪುರ, ಗಾಣಗಾಪುರ, ಸನ್ನತಿಗಳ ನೆಲವನ್ನು ಹಾದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಟಾಟಾ ಸಂಸ್ಥೆಯವರು ಮುಳಶಿಯಲ್ಲಿ ಆ ಮುಳೆಗೆ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗ ಮತ್ತು ಕೊಳವೆಗಳ ಮೂಲಕ ಪಶ್ಚಿಮಕ್ಕೆ ತಿರುಗಿಸಿ, ಸುಮಾರು 500 ಮೀಟರ್ ಕೆಳಗಿನ ಭಿರಾದಲ್ಲಿ ವಿದ್ಯುತ್ತನ್ನು ಪಡೆದರು. 1915ರಲ್ಲಿ ಖೋಪೋಲಿ, 1922ರಲ್ಲಿ ಭಿವಪುರಿ, 1927ರಲ್ಲಿ ಭಿರಾ. ಹೀಗೆ ಮೂರು ಕಡೆ ಪೂರ್ವದ ನೀರು ಘಟ್ಟ ಇಳಿಯಿತು. ಮುಂಬಯಿಯ ಗಿರಣಿಗಳು ತಿರುಗಿದ್ದು, ದೀಪಗಳು ಬೆಳಗಿದ್ದು ಈ ಬಲದಿಂದ. ಚಕ್ರ ತಿರುಗಿಸಿ ಹೊರಬಿದ್ದ ನೀರು ಭಿರಾದಿಂದ ಕುಂಡಲಿಕೆಗೆ ಇಳಿಯುತ್ತದೆ. ವಿದ್ಯುತ್ತಿಗೆ ಬೇಡಿಕೆ ಇದ್ದರೆ ಹೊಳೆಯುಂಟು, ಹೊಳೆಯಿದ್ದರೆ ತೆಪ್ಪವುಂಟು.

ಇದು ತಕರಾರಿಲ್ಲದೆ ಆದ ಕೆಲಸವಲ್ಲ. ಮುಳಶಿ ಕೊಳ್ಳದ ಮಾವಳ ರೈತರು ತಮ್ಮ ಭತ್ತದ ಗದ್ದೆಗಳನ್ನು ಉಳಿಸಿಕೊಳ್ಳಲು 1921ರಲ್ಲಿ ಸತ್ಯಾಗ್ರಹ ಹೂಡಿದರು. ಅವರ ಮುಂದಾಳಾದ ಪಾಂಡುರಂಗ ಮಹಾದೇವ ಬಾಪಟರಿಗೆ 'ಸೇನಾಪತಿ' ಎಂಬ ಬಿರುದು ಬಂದದ್ದು ಆ ಹೋರಾಟದಿಂದ. ಅಣೆಕಟ್ಟಿನ ವಿರುದ್ಧ ನಡೆದ ಜಗತ್ತಿನ ಮೊದಮೊದಲ ಚಳವಳಿಗಳಲ್ಲಿ ಇದನ್ನು ಎಣಿಸುತ್ತಾರೆ. ರೈತರು ಸೋತರು, ಹಳ್ಳಿಗಳು ಮುಳುಗಿದವು. ಭೀಮೆಯ ಕೆಳಗಿನ ದಡದ ಕನ್ನಡದ ರೈತನನ್ನು ಆಗ ಯಾರೂ ಕೇಳಲಿಲ್ಲ. ಅಂಥ ರೈತರಲ್ಲಿ ಹಲವರು ಬೇರೆ ಸಂಸ್ಥಾನದ, ನಿಜಾಮರ ಪ್ರಜೆಗಳಾಗಿದ್ದರು. ಹೀಗೆ ಪಶ್ಚಿಮಕ್ಕೆ ತಿರುಗುವ ನೀರಿಗೆ ಒಂದು ಮಿತಿ ಹಾಕಿದ್ದು ಬಚಾವತ್ ನ್ಯಾಯಮಂಡಳಿ, 1970ರ ದಶಕದಲ್ಲಿ.

ಭೀಮಾ ತೀರದ ಬರಕ್ಕೆ ಇದೊಂದೇ ಕಾರಣವೆಂದರೆ ತಪ್ಪಾದೀತು. ಅದು ಮಳೆನೆರಳಿನ ನೆಲ. ದುರ್ಗಾದೇವಿಯ ಬರದ ಕಥೆಗಳು ಅಣೆಕಟ್ಟುಗಳಿಗಿಂತ ಶತಮಾನಗಳಷ್ಟು ಹಳೆಯವು. ಆದರೂ ಒಂದು ಸಂಗತಿ ಮನಸ್ಸನ್ನು ಬಿಟ್ಟುಹೋಗದು. ನೀರು ಘಟ್ಟ ಇಳಿದ ಕಡೆಗೇ ಜನರೂ ಇಳಿದರು. ಕಲಬುರಗಿಯಲ್ಲಿ ಹತ್ತಿ, ಸೋಲಾಪುರ, ಪುಣೆಗಳನ್ನು ದಾಟಿ, ಬೋರ್‌ಘಾಟಿನ ಸುರಂಗಗಳನ್ನು ಹಾದು ಕಲ್ಯಾಣದಲ್ಲಿ ಇಳಿದ ಕೂಲಿಕಾರರು, ಗುಮಾಸ್ತರು, ಮೇಷ್ಟರು ಅದೇ ನೆತ್ತಿಯನ್ನು ದಾಟಿ ಬಂದವರು. ಮತ್ತೊಂದು ವಿಶೇಷವಿದೆ: ಭಿವಪುರಿಯಿಂದ ಹೊರಬೀಳುವ ನೀರು ಉಲ್ಹಾಸ ನದಿಯನ್ನು ಸೇರುತ್ತದೆ, ಕಲ್ಯಾಣ ಡೊಂಬಿವಲಿಗಳ ಕುಡಿಯುವ ನೀರು ಆ ನದಿಯದು. ಕೊಡ ಹೊತ್ತು ನಡೆದ ತಾಯಿಯ ಮಗ ಮೂರನೆಯ ಮಹಡಿಯ ನಲ್ಲಿ ತಿರುವಿದಾಗ, ತನ್ನ ಹೊಳೆಯ ಪಾಲಿನ ಒಂದು ಗುಟುಕನ್ನೇ ಕುಡಿಯುತ್ತಿರಬಹುದು.

ಇಂತಹ ಕಥೆ ಕುಂಡಲಿಕೆಯದು ಮಾತ್ರವಲ್ಲ. ಅಮೆರಿಕದ ಅರಿಜೋನಾದ ಮರುಭೂಮಿಯನ್ನು ಸೀಳಿ ಹರಿಯುವ ಕೊಲರಾಡೊ ನದಿಯ ಮಹಾಕಮರಿಗೆ 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬ ಒಕ್ಕೈಯ ಸೇನಾನಿ ನಾಲ್ಕು ದೋಣಿಗಳಲ್ಲಿ ಹತ್ತು ಮಂದಿಯ ತಂಡ ಕಟ್ಟಿ ಹೊರಟ. ಕೊನೆಗೆ ಕಮರಿಯಿಂದ ದೋಣಿಯಲ್ಲಿ ಹೊರಬಂದವರು ಆರೇ ಮಂದಿ. ಅಂದು ಪ್ರಾಣದ ಪಣವಾಗಿದ್ದ ದಾರಿಯಲ್ಲಿ ಇಂದು ಮಾರ್ಗದರ್ಶಿಗಳು ಪ್ರವಾಸಿಗಳನ್ನು ಕರೆದೊಯ್ಯುತ್ತಾರೆ. ಆದರೆ 1963ರಲ್ಲಿ ಗ್ಲೆನ್ ಕಮರಿಯ ಅಣೆಕಟ್ಟು ನೀರು ತಡೆದಂದಿನಿಂದ ಆ ನದಿಯ ಏರಿಳಿತವೂ ನಗರಗಳ ವಿದ್ಯುತ್ತಿನ ಬೇಡಿಕೆಯನ್ನು ಅನುಸರಿಸುತ್ತ ಬಂದಿದೆ. ಕನ್ನಡನಾಡಿನಲ್ಲಿಯೇ, ದಾಂಡೇಲಿಯ ಸಮೀಪದ ಗಣೇಶಗುಡಿಯಲ್ಲಿ ಕಾಳಿ ನದಿಯ ತೆಪ್ಪದಾಟ ನಡೆಯುವುದು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನಲ್ಲಿ. ಆ ಜಲಾಶಯದ ತಳದಲ್ಲಿ ಹಳೆಯ ಸೂಪಾ ಪೇಟೆಯೇ ಮಲಗಿದೆ.

ಹಾಗೆಂದು ತೆಪ್ಪದಲ್ಲಿ ಕುಳಿತು ನಗುವ ಹುಡುಗರನ್ನು ದೂರುವುದು ಸಲ್ಲದು. ವಾರದ ಆರು ದಿನ ಲೋಕಲ್ ಗಾಡಿಯ ಬಾಗಿಲಲ್ಲಿ ಒಂದೇ ಕೈಯಲ್ಲಿ ನೇತಾಡುವವರಿಗೆ ಒಂದು ದಿನದ ನೊರೆಯ ಸುಖ ಅತಿಯಾಯಿತೆಂದು ಯಾರು ಹೇಳಿಯಾರು? ಆ ನೀರಿನಿಂದ ಕೊಂಕಣದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ, ಬೇಸಿಗೆಯಲ್ಲಿ ದಡದ ಬಾವಿಗಳು ತಂಪಾಗಿವೆ. ತಿರುಗಿದ ನೀರನ್ನು ಮತ್ತೆ ಘಟ್ಟ ಹತ್ತಿಸುವುದು ಅವರ ಕೈಯಲ್ಲಿಲ್ಲ. ಆದರೆ ತಾವು ತೇಲುವ ನೀರಿಗೆ ಒಂದು ಊರುಂಟು, ಅದು ಹೋಗಬೇಕಾಗಿದ್ದ ಇನ್ನೊಂದು ದಾರಿಯುಂಟು ಎಂಬ ಅರಿವನ್ನು ಅವರಿಗೆ ದಾಟಿಸುವುದು ಹಿರಿಯರ ಕೈಯಲ್ಲಿದೆ. ಹೊರನಾಡಿನಲ್ಲಿ ಭಾಷೆಯನ್ನು ಉಳಿಸಿಕೊಳ್ಳುವುದೆಂದರೆ ಪದಗಳನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ; 'ಇದು ನಮ್ಮ ಹೊಳಿ ನೀರು' ಎಂಬ ಮಾತು ಸದ್ದಿನ ನಡುವೆಯೂ ಮಗನಿಗೆ ಪೂರ್ತಿ ಕೇಳಿಸುವಂತೆ ಹೇಳುವುದೂ ಹೌದು.