ಪರೀಕ್ಷೆಯ ಹೆದರಿಕೆಯಲ್ಲ, ಎದೆಯ ಸದ್ದು

ಬಾದಾಮಿಯ ಗುಹೆಗಳನ್ನು ಹತ್ತಿದವರಿಗೆ ಆ ದಾರಿ ಗೊತ್ತು. ಮೊದಲನೆಯ ಗುಹೆಯಲ್ಲಿ 18 ಕೈಗಳ ನಟರಾಜ, ಇನ್ನಷ್ಟು ಮೆಟ್ಟಿಲು ಏರಿದರೆ ಎರಡನೆಯ ಗುಹೆ, ಮತ್ತೆ ಮೆಟ್ಟಿಲು, ಆಮೇಲೆ ಮಂಗಳೇಶನ, ಕ್ರಿ.ಶ. 578ರ ಶಾಸನವಿರುವ ದೊಡ್ಡ ಗುಹೆ. ಪ್ರವಾಸಕ್ಕೆ ಬಂದ ಕಾಲೇಜು ಮಕ್ಕಳು ಇದನ್ನು ನಡೆದು ಹತ್ತುವುದಿಲ್ಲ, ಮಂಗಗಳೊಂದಿಗೆ ಪೈಪೋಟಿಗೆ ಬಿದ್ದವರಂತೆ ಓಡಿ ಹತ್ತುತ್ತಾರೆ. ಕೆಲವು ವರ್ಷಗಳ ಹಿಂದೆ ಬಾಗಲಕೋಟೆಯಿಂದ ಬಂದ ಅಂಥದೊಂದು ಗುಂಪಿನಲ್ಲಿ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಎರಡನೆಯ ಗುಹೆ ದಾಟಿದವಳೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಪಕ್ಕದಲ್ಲಿ ಕುಳಿತವರಿಗೂ ಕೇಳಿಸೀತೆಂದು ಆಕೆ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದಳು.

‘ಏನವ್ವಾ, ಇಪ್ಪತ್ತಕ್ಕ ಮುದುಕಿ ಆದ್ಯಲ್ಲ!’ ಎಂದು ಗೆಳತಿಯರು ನಕ್ಕರು. ಆಕೆಯೂ ನಕ್ಕಳು. ಮೂರನೆಯ ಗುಹೆಯನ್ನು ಆಕೆ ಆ ದಿನ ನೋಡಲಿಲ್ಲ.

ಹುಡುಗಿಯ ಊರು ಇಳಕಲ್. ಮನೆಯ ಪಡಸಾಲೆಯಲ್ಲೇ ಮಗ್ಗ. ಅಪ್ಪ ಸೀರೆ ನೇಯುತ್ತಾನೆ, ಅವ್ವ ಕಂಡಿಕೆ ಸುತ್ತುತ್ತಾಳೆ. ರಜೆಯಲ್ಲಿ ಮನೆಗೆ ಬಂದಾಗ ಮಗಳು ನೀರಿನ ಕೊಡ ಹೊತ್ತು ಎರಡು ಹೆಜ್ಜೆಗೊಮ್ಮೆ ನಿಲ್ಲುವುದನ್ನು ಎಲ್ಲರೂ ನೋಡಿದರು. ನೋಡಿದವರೆಲ್ಲ ಒಂದೊಂದು ಕಾರಣ ಹೇಳಿದರು. ಅಪ್ಪನ ಪ್ರಕಾರ ಅದು ಪರೀಕ್ಷೆಯ ಹೆದರಿಕೆ. ಅವ್ವನ ಪ್ರಕಾರ ಹಾಸ್ಟೆಲ್ ಊಟ. ಆಯಿಗೆ ಇದು ದೃಷ್ಟಿಯಲ್ಲದೆ ಬೇರೇನೂ ಅಲ್ಲ. ಅಮಾವಾಸ್ಯೆಯ ದಿನ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ನೆರೆಮನೆಯ ಕಾಕಾ, ‘ಲಗ್ನ ಮಾಡ್ರಿ, ಎಲ್ಲಾ ಸರಿ ಆಕ್ಕೈತಿ’ ಎಂದು ಪುಕ್ಕಟೆ ಔಷಧಿ ಹೇಳಿ ಹೋದರು. ಪೇಟೆಯ ಒಬ್ಬ ವೈದ್ಯರು ಪರೀಕ್ಷೆ ಯಾವಾಗ ಎಂದಷ್ಟೇ ಕೇಳಿ, ಶಕ್ತಿಯ ಇಂಜೆಕ್ಷನ್ ಕೊಟ್ಟು, ರಾತ್ರಿ ನಿದ್ದೆ ಬರಲು ಗುಳಿಗೆ ಬರೆದರು. ಇನ್ನೊಬ್ಬರು ದಮ್ಮು ಎಂದು ಪಂಪು ಕೊಟ್ಟರು. ಯಾರೂ ಆಕೆಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಒಂದು ನಿಮಿಷ ಸುಮ್ಮನೆ ಕೇಳಲಿಲ್ಲ. ಕಾರಣವೇ ತಿಳಿಯದ ಉಬ್ಬಸ, ಕಾರಣವೇ ತಿಳಿಯದ ಎದೆಬಡಿತ ಎನ್ನುತ್ತೇವೆ. ಈ ಹುಡುಗಿಯ ಸಂಗತಿಯಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ.

ಆಕೆ ಹೇಳದೆ ಮುಚ್ಚಿಟ್ಟದ್ದೂ ಬಹಳವಿತ್ತು. ಬಾಗಲಕೋಟೆಯ ಹಾಸ್ಟೆಲಿನಲ್ಲಿ ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೊದಲು ಎರಡು ದಿಂಬು, ಆಮೇಲೆ ದಿಂಬಿನ ಕೆಳಗೆ ಟ್ರಂಕು. ಕೆಲವು ರಾತ್ರಿ ಎರಡು ಗಂಟೆಗೆ ದಡಕ್ಕನೆ ಎಚ್ಚರವಾಗಿ, ಕಿಟಕಿಯ ಸರಳು ಹಿಡಿದು ಅರ್ಧ ತಾಸು ಕೂಡುತ್ತಿದ್ದಳು. ಬೆಳಿಗ್ಗೆ ಯಾರಾದರೂ ಕೇಳಿದರೆ ಓದುತ್ತಿದ್ದೆ ಎನ್ನುತ್ತಿದ್ದಳು. ಹೇಳಿದರೆ ಏನಾಗುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು: ಕಾಲೇಜು ಬಿಡಿಸುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದು. ‘ಹಾರ್ಟಿನ ತ್ರಾಸ ಐತಂತ’ ಎಂಬ ಒಂದು ಮಾತು ಓಣಿ ದಾಟಿದರೆ ಸಾಕು, ಹುಡುಗಿಯ ಹೆಸರು ಸಂಬಂಧ ನೋಡುವವರ ಪಟ್ಟಿಯಿಂದ ಅಳಿಸಿಹೋಗುತ್ತದೆ. ಇದು ಆ ಒಂದು ಮನೆಯ ಕಥೆಯಷ್ಟೇ ಅಲ್ಲ. ನಮ್ಮ ಕಡೆ ಗಂಡುಮಕ್ಕಳ ಎದೆನೋವು ಆಸ್ಪತ್ರೆಗೆ ಹೋಗುತ್ತದೆ, ಹೆಣ್ಣುಮಕ್ಕಳದು ಅಡುಗೆಮನೆಯಲ್ಲೇ ಉಳಿಯುತ್ತದೆ.

ಕೊನೆಗೆ ಗುಟ್ಟು ಒಡೆದದ್ದು ಹುನಗುಂದದಲ್ಲಿ, ಸೋದರತ್ತೆಯ ಮನೆಯ ಸೀಮಂತದ ದಿನ. ಕೆಮ್ಮಿದಾಗ ಕರವಸ್ತ್ರದ ಮೇಲೆ ಎಳೆಯಷ್ಟು ಕೆಂಪು ಬಿದ್ದದ್ದನ್ನು ಅತ್ತೆ ನೋಡಿದಳು. ಆಕೆಗೂ ಒಂದು ಕಾರಣ ಹೊಳೆಯಿತು, ಟಿ.ಬಿ. ಯಾರಿಗೂ ಹೇಳದೆ ಮರುದಿನ ಹುಡುಗಿಯನ್ನೂ ಅವಳ ಅವ್ವನನ್ನೂ ಕರೆದುಕೊಂಡು ದವಾಖಾನೆಗೆ ಹೋದಳು. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಲ್ಲಿದ್ದವರು ಹೊಸದಾಗಿ ಕೆಲಸಕ್ಕೆ ಸೇರಿದ್ದ ಲೇಡಿ ಡಾಕ್ಟರು. ನಾಡಿ ಹಿಡಿದು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. ಆಮೇಲೆ ಕೇಳಿದರು:

‘ಸಣ್ಣಾಕಿ ಇದ್ದಾಗ ಗಂಟಲ ಬ್ಯಾನಿ ಆಗಿ, ಅದರ ಹಿಂದೆ ಕೀಲು ಬಾತಿದ್ವೇನವ್ವಾ?’

ಮಗಳಿಗೆ ನೆನಪಿರಲಿಲ್ಲ. ಅವ್ವನಿಗಿತ್ತು. ‘ಹೌದ್ರೀ ಬಾಯಾರ, ಐದನೇತ್ತ್ಯಾಗ ಇದ್ದಾಗ. ಮೊದಲ ಮೊಣಕಾಲು ಬಾತ್ತು, ಅದು ಇಳೀತು ಅನ್ನೂದ್ರಾಗ ಮೊಣಕೈ. ಹಾರಿ ಹಾರಿ ನೋವು ಬರ್ತಿತ್ತು. ಎಣ್ಣಿ ತಿಕ್ಕಿದ್ವಿ, ಹೋತು. ಒಂದು ತಿಂಗಳ ಸಾಲಿಗೆ ಹೋಗಿಲ್ಲ.’

ವೈದ್ಯರು ಬಾಗಿಲು ಹಾಕಿಸಿದರು, ಫ್ಯಾನು ನಿಲ್ಲಿಸಿದರು. ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಸ್ಕೋಪಿನ ಗಂಟೆಯಾಕಾರದ ಬದಿಯನ್ನು ಎದೆಯ ತುದಿಗೆ ಹಗುರವಾಗಿ ಇಟ್ಟು ಕಣ್ಣು ಮುಚ್ಚಿದರು. ಏನು ಕೇಳುತ್ತದೆ ಎಂದು ಹುಡುಗಿಯೇ ಕೇಳಿದ್ದಕ್ಕೆ, ‘ದೂರದಾಗ ಚಕ್ಕಡಿ ಹೊಂಟಂಗ ಗುಡುಗುಡು ಅಂತೈತಿ ನೋಡು’ ಎಂದರು. ಆ ಸದ್ದು ಬಹಳ ಕೆಳದನಿಯದು. ಗದ್ದಲದ ಕೋಣೆಯಲ್ಲಿ, ಅವಸರದ ಕಿವಿಗೆ ಕೇಳುವುದಿಲ್ಲ. ಹುಡುಗಿಯ ಮನೆಯಲ್ಲಂತೂ ದಿನವಿಡೀ ಮಗ್ಗದ ಟಕಟಕ.

ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆ ಹೃತ್ಕರ್ಣ, ಕೆಳಗಿನದು ಹೃತ್ಕುಕ್ಷಿ. ನಡುವಿನ ಬಾಗಿಲು ಮೈಟ್ರಲ್ ಕವಾಟ. ಆರೋಗ್ಯವಂತರಲ್ಲಿ ಅದು 4ರಿಂದ 6 ಚದರ ಸೆಂಟಿಮೀಟರಿನಷ್ಟು ತೆರೆಯುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಮಕ್ಕಳಿಗೆ ಗಂಟಲುಬೇನೆ ಬಂದಾಗ, ಕೆಲವರ ದೇಹ ರೋಗಾಣುವಿನ ಜೊತೆ ಹೋರಾಡುತ್ತ ತನ್ನದೇ ಕೀಲು, ತನ್ನದೇ ಕವಾಟಗಳನ್ನು ಶತ್ರುವೆಂದು ತಿಳಿದು ಹೊಡೆಯತೊಡಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಸಾಮಾನ್ಯವಾಗಿ 5ರಿಂದ 15 ವರ್ಷದವರಿಗೆ ಬರುತ್ತದೆ. ಈ ಜ್ವರ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬ ಹಳೆಯ ಮಾತು ವೈದ್ಯರಲ್ಲಿದೆ. ಕೀಲಿನ ಬಾವು ಇಳಿದು ಹೋಗುತ್ತದೆ, ಕವಾಟದ ಗಾಯ ಮಾತ್ರ ಒಳಗೊಳಗೇ ಬಿಗಿಯುತ್ತ ಬರುತ್ತದೆ. ಕವಾಟದ ಅಂಚುಗಳು ಒಂದಕ್ಕೊಂದು ಅಂಟಿ ಬಾಗಿಲು ಕಿಂಡಿಯಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಇದಕ್ಕೆ ದಶಕಗಳೇ ಹಿಡಿಯುತ್ತಿದ್ದವು. ನಮ್ಮಲ್ಲಿ ಇಪ್ಪತ್ತರೊಳಗೇ ಕವಾಟ ಕಿರಿದಾದ ಮಕ್ಕಳಿರುವುದನ್ನು ದೆಹಲಿಯ ಎಐಐಎಂಎಸ್‌ನ ಡಾ. ಸುಜಯ್ ರಾಯ್ ಮತ್ತವರ ಸಂಗಡಿಗರು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತೋರಿಸಿದರು.

ಬಾದಾಮಿಯ ಮೆಟ್ಟಿಲುಗಳ ಮೇಲೆ ಆದದ್ದೇನೆಂದು ಈಗ ಹೇಳಬಹುದು. ನಿಮಿಷಕ್ಕೆ 70 ಸಲ ಬಡಿಯುವಾಗ ಬಡಿತ-ಬಡಿತದ ನಡುವೆ ರಕ್ತ ಆ ಕಿಂಡಿಯಿಂದ ಹೇಗೋ ಇಳಿದುಹೋಗುತ್ತದೆ. ಮೆಟ್ಟಿಲು ಹತ್ತುವಾಗ ಬಡಿತ 130ಕ್ಕೆ ಏರಿದರೆ ನಡುವಿನ ಬಿಡುವೇ ಕರಗಿಹೋಗುತ್ತದೆ. ಇಳಿಯಲಾಗದ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶ ತೇವದಿಂದ ಭಾರವಾಗುತ್ತದೆ. ಉಸಿರು ಕಟ್ಟುತ್ತದೆ, ಹೆದರಿಕೆಯಾಗುತ್ತದೆ, ಹೆದರಿಕೆಗೆ ಬಡಿತ ಇನ್ನೂ ಏರುತ್ತದೆ. ನೋಡುವವರ ಕಣ್ಣಿಗೆ ಕಾಣುವುದು ಹೆದರಿಕೆಯೊಂದೇ. ಹಾಗೇ ಬಿಟ್ಟರೆ ಹಿಗ್ಗಿದ ಹೃತ್ಕರ್ಣದ ಬಡಿತ ಲಯ ತಪ್ಪಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಿ ಲಕ್ವ ಹೊಡೆದ ಎಳೆಯರೂ ಇದ್ದಾರೆ. ಬಸುರಿನಲ್ಲಿ ಮೊದಲ ಬಾರಿಗೆ ಈ ರೋಗ ಬಯಲಾಗುವುದು ಇನ್ನೂ ಅಪಾಯ. ಲಗ್ನ ಮಾಡಿದರೆ ಸರಿಹೋಗುತ್ತದೆ ಎಂದ ಕಾಕಾನ ಸಲಹೆಯಂತೆ ನಡೆದಿದ್ದರೆ ಆಗುತ್ತಿದ್ದುದು ಅದೇ.

ಕೇಳುವ ಮೊದಲೇ ಕಾರಣ ಹೇಳಿಬಿಡುವುದು ಇಳಕಲ್ಲಿನವರ ದೋಷವಷ್ಟೇ ಅಲ್ಲ. 1925ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಹೆನ್ರಿ ಸೌಟರ್ ಹುಡುಗಿಯೊಬ್ಬಳ ಎದೆ ತೆರೆದು, ಬಡಿಯುತ್ತಿದ್ದ ಹೃದಯದೊಳಗೆ ಬೆರಳು ತೂರಿಸಿ ಇದೇ ಮೈಟ್ರಲ್ ಕವಾಟವನ್ನು ಬಿಡಿಸಿದ. ಹುಡುಗಿ ಗುಣವಾಗಿ ಮನೆಗೆ ಹೋದಳು. ಆದರೆ ಆಮೇಲೆ ಒಬ್ಬ ವೈದ್ಯನೂ ಇನ್ನೊಬ್ಬ ರೋಗಿಯನ್ನು ಅವನ ಬಳಿ ಕಳಿಸಲಿಲ್ಲ. ರೋಗವಿರುವುದು ಹೃದಯದ ಸ್ನಾಯುವಿನಲ್ಲಿ, ಕವಾಟ ಬಿಡಿಸಿ ಪ್ರಯೋಜನವಿಲ್ಲ ಎಂದು ಆಗಿನ ದೊಡ್ಡ ವೈದ್ಯರು ತೀರ್ಮಾನಿಸಿಬಿಟ್ಟಿದ್ದರು. 1948ರಲ್ಲಿ ಅಮೆರಿಕದ ಚಾರ್ಲ್ಸ್ ಬೈಲಿ ಮತ್ತು ಡ್ವೈಟ್ ಹಾರ್ಕೆನ್ ಅದನ್ನು ಮಾಡಿ ತೋರಿಸುವ ತನಕ 23 ವರ್ಷ ಹೋಯಿತು. ಆ 23 ವರ್ಷಗಳಲ್ಲಿ ಸತ್ತವರ ಲೆಕ್ಕವನ್ನು ಯಾರು ಇಟ್ಟಿದ್ದಾರು?

ಈಗ ಎದೆ ತೆರೆಯಬೇಕಾಗಿಯೂ ಇಲ್ಲ. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಮೊದಲ ಬಾರಿ ಬಲೂನಿನಿಂದ ಕವಾಟ ಬಿಡಿಸಿದ. ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಕೆ ಒಯ್ದು, ಕಿಂಡಿಯಲ್ಲಿ ಬಲೂನು ಉಬ್ಬಿಸಿ, ಅಂಟಿದ ಅಂಚುಗಳನ್ನು ಬಿಡಿಸುವ ವಿಧಾನ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದು ರೂಢಿಯ ಕೆಲಸ. ಹುನಗುಂದದಿಂದ ಚೀಟಿ ಹಿಡಿದು ಬಾಗಲಕೋಟೆಯ ನವನಗರಕ್ಕೆ ಬಂದಾಗ ಎಕೋ ಪರೀಕ್ಷೆಯಲ್ಲಿ ಹುಡುಗಿಯ ಕವಾಟ ಒಂದು ಚದರ ಸೆಂಟಿಮೀಟರಿಗಿಂತ ಕಡಿಮೆ ತೆರೆಯುತ್ತಿತ್ತು. ಅಪ್ಪ ಮಗ್ಗ ನಿಲ್ಲಿಸಿ, ರೇಷನ್ ಕಾರ್ಡಿನ ಝೆರಾಕ್ಸ್ ಜೇಬಿನಲ್ಲಿಟ್ಟುಕೊಂಡು ಮಗಳೊಂದಿಗೆ ಬೆಂಗಳೂರಿನ ಬಸ್ಸು ಹತ್ತಿದ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇಲ್ಲದಿದ್ದರೆ ಅವನು ಮಗ್ಗ ಮಾರಬೇಕಾಗುತ್ತಿತ್ತೇನೋ. ಬಲೂನು ಉಬ್ಬಿಸಿದಾಗ ಹುಡುಗಿ ಎಚ್ಚರವಾಗಿಯೇ ಇದ್ದಳು. ಆ ರಾತ್ರಿ ಒಂದೇ ದಿಂಬಿನ ಮೇಲೆ ಮಲಗಿದಳು.

ಊರಿಗೆ ಮರಳಿದ ಮೇಲೆ ಹಾಸ್ಟೆಲಿನಲ್ಲಿ ದೊಡ್ಡ ಗುಲ್ಲು. ಎದೆ ಹೊಡೆದುಕೊಂಡವರಿಗೆಲ್ಲ ತಮ್ಮ ಕವಾಟದ ಮೇಲೆಯೇ ಅನುಮಾನ. ಕೋಣೆಯ ಗೆಳತಿ, ಬಾದಾಮಿಯವಳು, ಪರೀಕ್ಷೆ ಮಾಡಿಸಿದಾಗ ಹೃದಯ ಗಟ್ಟಿಯಾಗಿತ್ತು, ಹಿಮೋಗ್ಲೋಬಿನ್ ಮಾತ್ರ 7 ಗ್ರಾಂ. ರಕ್ತ ತೆಳುವಾದಾಗ ಹೃದಯ ಎರಡು ಪಾಳಿ ದುಡಿಯುತ್ತದೆ. ಕಬ್ಬಿಣದ ಗುಳಿಗೆಯಿಂದ ಆಕೆ ಮೂರು ತಿಂಗಳಲ್ಲಿ ಚೇತರಿಸಿಕೊಂಡಳು. ಇನ್ನು ಕೆಲವರಿಗೆ ಥೈರಾಯ್ಡ್. ಇನ್ನು ಕೆಲವರಿಗೆ ಬಡಿತ ಸ್ವಿಚ್ಚು ಹಾಕಿದಂತೆ ಒಮ್ಮೆಗೇ ಶುರುವಾಗಿ ಒಮ್ಮೆಗೇ ನಿಲ್ಲುತ್ತದೆ. ಅದು ಹೃದಯದ ವಿದ್ಯುತ್ತಿನ ತೊಡಕು, ಬಡಿಯುತ್ತಿರುವಾಗಲೇ ಇಸಿಜಿ ತೆಗೆದರೆ ಸಿಕ್ಕಿಬೀಳುತ್ತದೆ. ಎಲ್ಲ ಪರೀಕ್ಷೆ ಮುಗಿದು ಏನೂ ಸಿಗದೆ, ನಿಜಕ್ಕೂ ಆತಂಕದಿಂದಲೇ ಎದೆ ಹೊಡೆದುಕೊಳ್ಳುವ ಮಕ್ಕಳೂ ಇದ್ದಾರೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದೇ ತೊಂದರೆ ಕಂಡ ಜೇಕಬ್ ಡ ಕೋಸ್ಟಾ ಎಂಬ ವೈದ್ಯ 1871ರಲ್ಲೇ ಅದರ ಬಗ್ಗೆ ಬರೆದಿದ್ದ. ಗುಂಡಿಗೆ ಎದೆಯೊಡ್ಡಿ ನಿಂತವರನ್ನು ಯಾರೂ ನಾಟಕದವರು ಎನ್ನಲಾರರು. ಆತಂಕಕ್ಕೂ ಔಷಧವಿದೆ, ಮಾತಿನ ಚಿಕಿತ್ಸೆಯಿದೆ. ಆದರೆ ಅದು ಕಡೆಗೆ ಬರಬೇಕಾದ ತೀರ್ಮಾನ, ಮೊದಲಿನದಲ್ಲ.

ಪಾಲಕರಿಗೆ ಇನ್ನೊಂದು ಮಾತು. ಮಗುವಿನ ಆ ಗಂಟಲುಬೇನೆಗೆ ಒಂಬತ್ತು ದಿನದೊಳಗೆ ಪೆನ್ಸಿಲಿನ್ ಬಿದ್ದಿದ್ದರೆ ರುಮ್ಯಾಟಿಕ್ ಜ್ವರ ಬಾರದಂತೆ ತಡೆಯಬಹುದಿತ್ತು. ಅವ್ವನಿಗೆ ಇದನ್ನು ಯಾರೂ ಹೇಳಬಾರದಿತ್ತು, ಬೆಂಗಳೂರಿನಲ್ಲಿ ಯಾರೋ ಹೇಳಿಬಿಟ್ಟರು. ಬಹಳ ದಿನ ಅದನ್ನೇ ಹಿಡಿದುಕೊಂಡು ಕೂತಳು. ‘ಎಣ್ಣಿ ತಿಕ್ಕಿದೆನಲ್ಲ’ ಎನ್ನುತ್ತಿದ್ದಳು.

ಬಲೂನಿನಿಂದ ಕವಾಟ ಹೊಸದಾಗುವುದಿಲ್ಲ. ಜ್ವರ ಮತ್ತೆ ಮರುಕಳಿಸದಂತೆ 21 ದಿನಕ್ಕೊಮ್ಮೆ 12 ಲಕ್ಷ ಯೂನಿಟ್ ಪೆನ್ಸಿಲಿನ್ ಇಂಜೆಕ್ಷನ್ ಆಗಬೇಕು, 40 ವರ್ಷದವರೆಗಾದರೂ. ಎರಡು ದಿನ ಕೂರಲಾಗದಷ್ಟು ನೋವು ಕೊಡುವ ಸೂಜಿ. ರಿಯಾಕ್ಷನ್ ಆದೀತೆಂಬ ಅಂಜಿಕೆಯಿಂದ ಅದನ್ನು ಚುಚ್ಚಲು ಒಪ್ಪದ ದವಾಖಾನೆಗಳೂ ಇವೆ. ಹುಡುಗಿ ಅದಕ್ಕಾಗಿ ಹುನಗುಂದಕ್ಕೇ ಹೋಗುತ್ತಾಳೆ. ಪದವಿಯ ಕೊನೆಯ ಪರೀಕ್ಷೆಗೂ ಒಂದು ಕಡೆ ವಾಲಿಯೇ ಕುಳಿತು ಬರೆದಳು.

ಕಳೆದ ಸಲ ಗುಳೇದಗುಡ್ಡದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೇಳುವುದೋ ಬೇಡವೋ ಎಂದು ಮನೆಯಲ್ಲಿ ಎರಡು ದಿನ ಗುಸುಗುಸು ನಡೆಯಿತು. ಮೂರನೆಯ ದಿನ ಅಪ್ಪನೇ ಎಲ್ಲವನ್ನೂ ಹೇಳಿದ. ಕವಾಟದ ಸಂಗತಿ, ಇಂಜೆಕ್ಷನ್, ಮುಂದೆ ಬಸುರಾಗುವ ಮುಂಚೆ ವೈದ್ಯರನ್ನು ಕೇಳಬೇಕೆಂಬುದು. ಬಂದವರು ಚಹಾ ಕುಡಿದು, ತಿಳಿಸುತ್ತೇವೆಂದು ಹೋದರು. ತಿಳಿಸಲಿಲ್ಲ. ಹುಡುಗಿ ಬಿ.ಇಡಿ.ಗೆ ಅರ್ಜಿ ತುಂಬಿದ್ದಾಳೆ. ಮಗ್ಗದ ಮೇಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಸೀರೆ ಮುಗಿಸಿ ಕೊಡಬೇಕಾದ ದಿನಕ್ಕೆ ನೀಲಿ ಗುರುತು, ಮಗಳ ಇಂಜೆಕ್ಷನ್ನಿಗೆ ಕೆಂಪು. ಎರಡೂ ಒಂದೇ ದಿನ ಬಿದ್ದಾಗ ಸೀರೆ ಒಂದು ದಿನ ತಡವಾಗುತ್ತದೆ.