ಕೋಳಿ ಕಾಳು ತಿನ್ನದಿದ್ದರೆ ಯುದ್ಧ ಏನಾಗಬೇಕು?

ಹಿಸ್ಟಾರಿಕಲ್ ಸ್ಟ್ರಾಟಜಿ ಗೇಮ್ ಆಡೋರಿಗೆ ದೇವಸ್ಥಾನ ಅಂದ್ರೆ ಒಂದು ಬಿಲ್ಡಿಂಗ್, ಅಷ್ಟೇ. ಇಷ್ಟು ದುಡ್ಡು, ಇಷ್ಟು ಟರ್ನ್, ಕಟ್ಟಿ ಮುಗಿದ ಮೇಲೆ ಊರಿನ ಜನಕ್ಕೆ ಇಷ್ಟು ಖುಷಿ. 2004ರ ‘ರೋಮ್: ಟೋಟಲ್ ವಾರ್’ ಆಡುವಾಗ ಯಾವ ದೇವರಿಗೆ ಗುಡಿ ಕಟ್ಟಬೇಕು ಅಂತ ನಾನು ತೀರ್ಮಾನ ಮಾಡೋದು ಯಾವುದರ ಬೋನಸ್ ಜಾಸ್ತಿ ಅಂತ ನೋಡಿ. 2019ರಲ್ಲಿ ಬಂದ ‘ಇಂಪರೇಟರ್: ರೋಮ್’ನಲ್ಲಂತೂ ಶಕುನಕ್ಕೇ ಬಟನ್ ಇತ್ತು. ಪಾಯಿಂಟ್ ಖರ್ಚು ಮಾಡಿದರೆ ಬೇಕಾದ ಶುಭಶಕುನ ಬರುತ್ತೆ, ಸ್ವಲ್ಪ ಕಾಲ ಬೋನಸ್ ಕೊಡುತ್ತೆ, ಮುಗಿಯುತ್ತೆ. ನಮ್ಮ ಡೇಟಾ ರೀಚಾರ್ಜ್ ಥರ.

ಆದರೆ ಶಕುನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕರೆಯದೆ ಬರುತ್ತೆ, ಬೇಡದ ಹೊತ್ತಲ್ಲೇ ಬರುತ್ತೆ.

ಈ ಸೆಮಿಸ್ಟರ್ ನಾನೂ ನನ್ನ ರೂಮ್‌ಮೇಟೂ ಸೇರಿ ಒಂದು ಸಣ್ಣ ಟರ್ನ್-ಬೇಸ್ಡ್ ಗೇಮ್ ಬರೀತಾ ಇದ್ದೀವಿ. ವಿಷಯ ರೋಮ್ ಮತ್ತು ಕಾರ್ಥೇಜ್ ನಡುವಿನ ಮೊದಲ ಯುದ್ಧ. ಶಕುನದ ವಿಷಯ ಬಂದಾಗ ಅವನು, “ರ‍್ಯಾಂಡಮ್ ನಂಬರ್ ಹಾಕೋ ಮಾರಾಯ. ಅರ್ಧಕ್ಕಿಂತ ಕಮ್ಮಿ ಬಂದ್ರೆ ಅಪಶಕುನ, ಮೊರೇಲ್ ಮೈನಸ್ ಹತ್ತು. ಎರಡು ಲೈನ್ ಕೋಡ್” ಅಂದ. ನಾನು ಒಪ್ಪಲಿಲ್ಲ. ಅಲ್ಲಿಂದ ಶುರುವಾದ ಜಗಳ ಮೆಸ್‌ವರೆಗೂ ಬಂತು.

ನಮ್ಮ ಗೇಮ್‌ನಲ್ಲಿ ಬರೋ ಒಂದು ಘಟನೆಯನ್ನೇ ನೋಡಿ. ರೋಮನ್ನರು ಯುದ್ಧಕ್ಕೆ ಹೋಗುವಾಗ ಜೊತೆಗೆ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಯುದ್ಧಕ್ಕೆ ಮುಂಚೆ ಅವಕ್ಕೆ ಆಹಾರ ಹಾಕಬೇಕು. ಗಬಗಬ ತಿಂದರೆ ಶುಭ, ತಿನ್ನದಿದ್ದರೆ ಅಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನಾ ಬಳಿ ಕೋಳಿಗಳು ತಿನ್ನಲಿಲ್ಲ. ಕಾನ್ಸಲ್ ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್‌ಗೆ ಸಿಟ್ಟು ಬಂತು. ಹಸಿವಿಲ್ಲದಿದ್ದರೆ ನೀರಾದರೂ ಕುಡಿಯಲಿ ಅಂತ ಅವನ್ನು ಸಮುದ್ರಕ್ಕೇ ಎಸೆಸಿದನಂತೆ. ಆ ಯುದ್ಧದಲ್ಲಿ ರೋಮ್‌ನ 93 ಹಡಗುಗಳು ಶತ್ರುವಿನ ಪಾಲಾದವು. ಊರಿಗೆ ವಾಪಸ್ ಬಂದ ಮೇಲೆ ವಿಚಾರಣೆ ನಡೆದು ಅವನಿಗೆ ದೊಡ್ಡ ದಂಡ ಬಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ಈ ಯುದ್ಧವನ್ನು ವಿವರವಾಗಿ ಬರೆದ ಪಾಲಿಬಿಯಸ್‌ನಲ್ಲಿ ಕೋಳಿಯ ಸುದ್ದಿಯೇ ಇಲ್ಲ. ರೋಮನ್ ಹಡಗುಗಳು ದಡಕ್ಕೆ ಒತ್ತಿ ಸಿಕ್ಕಿಹಾಕಿಕೊಂಡವು, ತಿರುಗಲು ಜಾಗ ಇರಲಿಲ್ಲ, ಸೋತರು ಅಂತಾನೆ. ಕೋಳಿಯ ಕಥೆ ನಮಗೆ ಸಿಗೋದು ಸುಮಾರು 200 ವರ್ಷ ಆದಮೇಲೆ ಬರೆದ ಸಿಸೆರೋನಲ್ಲಿ. ಹಾಗಾದರೆ ‘ಮೊರೇಲ್ ಮೈನಸ್ ಹತ್ತು’ ಎಲ್ಲಿ ಹಾಕೋದು? ಅಪಶಕುನದ ಬಿಲ್ ಯುದ್ಧಕ್ಕೆ ಮುಂಚೆ ಬರಲ್ಲ, ಆಮೇಲೆ ಬರುತ್ತೆ. ಪುಲ್ಕರ್ ಗೆದ್ದಿದ್ದರೆ ಆ ಕೋಳಿಗಳನ್ನು ಯಾರು ನೆನಪಿಡ್ತಿದ್ರು?

ಇನ್ನೊಂದು ಉದಾಹರಣೆ, ಕ್ರಿ.ಪೂ. 413ರ ಸಿರಾಕ್ಯೂಸ್. ಅಥೆನ್ಸ್‌ನ ಸೈನ್ಯ ಸೋತು ಸುಣ್ಣವಾಗಿ ವಾಪಸ್ ಹೊರಡಲು ತಯಾರಾಗಿತ್ತು. ಆಗಸ್ಟ್ 27ರ ರಾತ್ರಿ ಚಂದ್ರಗ್ರಹಣ ಆಯ್ತು. ಮೂರು ಒಂಬತ್ತು ದಿನ, ಅಂದರೆ 27 ದಿನ ಕಾಯಬೇಕು ಅಂತ ಶಕುನ ಹೇಳುವವರು ಹೇಳಿದರು. ಸೇನಾಪತಿ ನಿಕಿಯಸ್ ಒಪ್ಪಿದ. ಅವನೊಬ್ಬನೇ ಅಲ್ಲ, ಸೈನಿಕರಲ್ಲೂ ಹೆಚ್ಚಿನವರು ಕಾಯೋಣ ಅಂದರು ಅಂತ ಥುಸಿಡಿಡೀಸ್ ಬರೆದಿದ್ದಾನೆ. ಅಷ್ಟರಲ್ಲಿ ಶತ್ರು ಬಂದರಿನ ಬಾಯಿ ಮುಚ್ಚಿದ. ಕೊನೆಗೆ 7000ಕ್ಕೆ ಕಮ್ಮಿ ಇಲ್ಲದಷ್ಟು ಸೆರೆಯಾಳುಗಳು ಕಲ್ಲಿನ ಗಣಿಗಳಲ್ಲಿ ಬಿದ್ದರು. ನಿಕಿಯಸ್‌ನನ್ನು ಕೊಂದರು. ಓಡಿಹೋಗುವವರಿಗೆ ಕತ್ತಲೆ ಒಳ್ಳೆಯದೇ, ಆ ಗ್ರಹಣ ಶುಭಶಕುನವೇ ಆಗಿತ್ತು ಅಂತ ಆಮೇಲೆ ಬಂದ ಫಿಲೋಕೊರಸ್ ವಾದ ಮಾಡಿದ್ದನ್ನು ಪ್ಲುಟಾರ್ಕ್ ಹೇಳ್ತಾನೆ. ಒಂದೇ ಗ್ರಹಣ, ಎರಡು ಅರ್ಥ!

“ಹಂಗಾದ್ರೆ ಸಿಂಪಲ್. ನಂಬೋರು ಸೋಲ್ತಾರೆ, ನಂಬದೋರು ಗೆಲ್ತಾರೆ” ಅಂದ ರೂಮ್‌ಮೇಟ್. ಇಲ್ಲ ಗುರೂ. ಕ್ರಿ.ಪೂ. 168ರ ಪಿಡ್ನಾ ಯುದ್ಧದ ಹಿಂದಿನ ರಾತ್ರಿಯೂ ಚಂದ್ರಗ್ರಹಣ. ರೋಮನ್ ಸೇನಾಪತಿ ಎಮಿಲಿಯಸ್ ಪೌಲಸ್‌ಗೆ ಗ್ರಹಣ ಯಾಕೆ ಆಗುತ್ತೆ ಅಂತ ಗೊತ್ತಿತ್ತು. ಆದರೂ ಚಂದ್ರನಿಗೆ 11 ಕಡಸುಗಳನ್ನು ಬಲಿ ಕೊಟ್ಟ. ಬೆಳಿಗ್ಗೆ ಹರ್ಕ್ಯುಲಿಸ್‌ಗೆ ಎತ್ತುಗಳನ್ನು ಬಲಿ ಕೊಡುತ್ತಾ ಹೋದ. 20 ಎತ್ತು ಆದರೂ ಒಳ್ಳೆ ಶಕುನ ಇಲ್ಲ. 21ನೆಯದರಲ್ಲಿ ಬಂತು! ಪ್ರೋಗ್ರಾಂ ಓಡೋವರೆಗೂ ರನ್ ಒತ್ತೋ ನಮ್ಮ ಥರಾನೇ. ಬೆಳಗಿನ ಬಿಸಿಲು ತನ್ನವರ ಕಣ್ಣಿಗೆ ಹೊಡೀಬಾರದು ಅಂತ ಅವನು ಹೊತ್ತು ಇಳಿಯೋದನ್ನೂ ಕಾಯುತ್ತಿದ್ದನಂತೆ. ಯುದ್ಧ ಗೆದ್ದ. ಅವನು ನಂಬಿದನೋ, ನಾಟಕ ಮಾಡಿದನೋ?

ನನಗೆ ಇದಕ್ಕೆ ಉತ್ತರ ಹುಡುಕಲು ಗ್ರೀಸ್‌ವರೆಗೆ ಹೋಗೋದು ಬೇಕಾಗಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೂ ನೆನಪಿರಬಹುದು. ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಜ್ಜಿ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿಟ್ಟಿದ್ದರು. ಕಿತ್ತಳೆ ಹಣ್ಣು, ನಿಂಬೆಹಣ್ಣು ಇಟ್ಟುಕೊಂಡು ಗ್ರಹಣ ಅಂದರೆ ಏನು ಅಂತ ನನಗೆ ಹೇಳಿಕೊಟ್ಟಿದ್ದು ಅಪ್ಪ. ಆದರೆ ಅವತ್ತು ಗ್ರಹಣ ಬಿಟ್ಟು ಸ್ನಾನ ಆಗೋವರೆಗೂ ಅಪ್ಪ ಕಾಫಿ ಸಹ ಕುಡಿಯಲಿಲ್ಲ. ಯಾಕೆ ಅಂತ ಕೇಳಿದೆ. “ಅಜ್ಜಿ ಇದ್ದಾರಲ್ಲೋ” ಅಂದರು.

ಈ ಉತ್ತರವನ್ನು ಯಾವ ವೇರಿಯಬಲ್‌ನಲ್ಲಿ ಇಡ್ತೀರಿ? ‘ನಂಬಿಕೆ = ಟ್ರೂ’ ಅಲ್ಲ, ‘ಫಾಲ್ಸ್’ ಕೂಡ ಅಲ್ಲ. ಅಪ್ಪನನ್ನು ಮೂಢ ಅನ್ನೋಕಾಗಲ್ಲ, ಅಜ್ಜಿಯನ್ನು ಮೋಸ ಮಾಡಿದರು ಅನ್ನೋಕೂ ಆಗಲ್ಲ. ಹಳೇ ಕಾಲದ ಜನರನ್ನು ಗೇಮ್‌ಗಳು ಪೆದ್ದರ ಥರ ತೋರಿಸಿದಾಗ, ಇಲ್ಲವೇ ದೇವರನ್ನೇ ಪವರ್-ಅಪ್ ಮಾಡಿದಾಗ, ನನಗೆ ನಮ್ಮ ಮನೆಯವರನ್ನೇ ಯಾರೋ ತಪ್ಪಾಗಿ ಬರೆದ ಹಾಗೆ ಅನ್ಸುತ್ತೆ.

ಕೊನೆಗೆ ನಾವು ಹೀಗೆ ಬರೆದೆವು. ಶಕುನ ಬಂದಾಗ ಆಟಗಾರನಿಗೆ ಮೂರು ದಾರಿ: ಕಾಯಬಹುದು, ಮತ್ತೆ ಕೇಳಬಹುದು, ಲೆಕ್ಕಿಸದೆ ಹೋಗಬಹುದು. ಕಾದರೆ ದವಸ ಖಾಲಿಯಾಗುತ್ತೆ. ಮತ್ತೆ ಮತ್ತೆ ಕೇಳಿದರೆ ಹೊತ್ತು ಹೋಗುತ್ತೆ, ಸೈನಿಕರ ಗುಸುಗುಸು ಶುರುವಾಗುತ್ತೆ. ಲೆಕ್ಕಿಸದೆ ಹೋದರೆ ಯುದ್ಧದ ಲೆಕ್ಕಾಚಾರದಲ್ಲಿ ಏನೂ ಬದಲಾಗಲ್ಲ. ಆದರೆ ಸೋತರೆ ರೋಮ್‌ನಲ್ಲಿ ವಿಚಾರಣೆ ಕಾದಿರುತ್ತೆ. ದೇವರು ಇದ್ದಾನೋ ಇಲ್ಲವೋ ಅಂತ ಗೇಮ್ ಎಲ್ಲೂ ಹೇಳಲ್ಲ.

“ಎಲ್ಲರೂ ಲೆಕ್ಕಿಸದೇ ಹೋಗ್ತಾರೆ ನೋಡು” ಅಂತ ರೂಮ್‌ಮೇಟ್ ಪಂದ್ಯ ಕಟ್ಟಿದ. ಪಕ್ಕದ ರೂಮಿನವನನ್ನು ಕೂರಿಸಿ ಆಡಿಸಿದೆವು. ಎರಡು ಸಲ ಕೋಳಿಯನ್ನು ಲೆಕ್ಕಿಸದೆ ಹೋಗಿ ಗೆದ್ದ. ಮೂರನೇ ಸಲ ದೊಡ್ಡ ಯುದ್ಧ, ಕೋಳಿ ತಿನ್ನಲಿಲ್ಲ. ಕೈ ಮೌಸ್ ಮೇಲೆ ಇಟ್ಟು ಸ್ವಲ್ಪ ಹೊತ್ತು ಕೂತ. ಆಮೇಲೆ ‘ಕಾಯಿರಿ’ ಒತ್ತಿದ. “ಸುಮ್ನೆ ಯಾಕೆ ರಿಸ್ಕ್” ಅಂದ. ಪಂದ್ಯದ ಮಸಾಲೆ ದೋಸೆ ನನಗೆ ಇನ್ನೂ ಬಂದಿಲ್ಲ.

ಟೆಸ್ಟಿಂಗ್‌ಗೆ ಇನ್ನೂ ಜನ ಬೇಕು. ಆಸಕ್ತಿ ಇದ್ದವರು ಇಂಟರ್ನಲ್ಸ್ ಮುಗಿದ ಮೇಲೆ ನಮ್ಮ ರೂಮಿಗೆ ಬನ್ನಿ. ಕಾಳು ನಾವೇ ಹಾಕ್ತೀವಿ.