ದೋಷಕ್ಕೂ ಬೆಲೆಯುಂಟು

ಪದಾರ್ಥವನ್ನು ಕೊಳ್ಳುವಾಗ ದೋಷವಿಲ್ಲದುದನ್ನು ಆರಿಸಬೇಕೆಂಬುದು ಲೋಕರೂಢಿ. ಬದನೆಕಾಯಿಯ ಹುಳು, ಸೀರೆಯ ತಪ್ಪಿದ ಎಳೆ, ಪಾತ್ರೆಯ ಬಿರುಕು ಇವನ್ನು ಪತ್ತೆಹಚ್ಚುವುದರಲ್ಲಿಯೇ ಕೊಳ್ಳುವವರ ಜಾಣ್ಮೆ ಅಡಗಿದೆ. ಆದರೆ ದೋಷವೇ ಬೇಕೆಂದು ಅಂಗಡಿಯಿಂದ ಅಂಗಡಿಗೆ ಅಲೆಯುವ ಗಿರಾಕಿಗಳೂ ಜಗತ್ತಿನಲ್ಲಿದ್ದಾರೆ. ಹಳೆಯ ರಾಕ್ ಸಂಗೀತದ ಆರ್ಗನ್ ನಾದಕ್ಕೆ ಮನಸೋತವರದು ಆ ಪಂಗಡ. ನಾನೂ ಅವರಲ್ಲೊಬ್ಬ.

ಪಂಪ, ಕುಮಾರವ್ಯಾಸರನ್ನು ಪಾಠ ಹೇಳುವವನಿಗೆ ಈ ಹುಚ್ಚೇಕೆಂದು ಸಹೋದ್ಯೋಗಿಗಳು ಕೇಳುವುದುಂಟು. ವಿದ್ಯಾರ್ಥಿನಿಲಯದಲ್ಲಿದ್ದಾಗ ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ನುಡಿಸಿದ ಆರ್ಗನ್ ಕಿವಿಗೆ ಬಿದ್ದಿತು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಈಗ ನಾವು ನಾಲ್ವರು ಗೆಳೆಯರು ಭಾನುವಾರ ಸಂಜೆ ಕೂಡಿ ನುಡಿಸುತ್ತೇವೆ. ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ವೇದಿಕೆಯ ಕೀಬೋರ್ಡೊಂದನ್ನು ಕೊಳ್ಳಲು ಮನೆಯಾಕೆಯ ಅನುಮತಿಯೂ ದೊರೆತಿತ್ತು. ಆದರೆ ಒಂದೇ ಸಲ. ಇನ್ನೊಂದನ್ನು ಕೊಳ್ಳುವ ಚೈತನ್ಯ ನಮ್ಮಂಥ ಸಂಸಾರಕ್ಕೆ ಬೇಗ ಬರುವಂತಿಲ್ಲ. ಆರಿಸುವ ಮೊದಲು ಬೇಕಾದುದೇನೆಂದು ತಿಳಿಯಬೇಡವೆ?

ಈ ನಾದದ ಮೂಲಪುರುಷ ಗಡಿಯಾರ ಮಾಡುತ್ತಿದ್ದವನು. ಷಿಕಾಗೋದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಗಡಿಯಾರದ ಮೋಟಾರಿನ ತತ್ತ್ವವನ್ನೇ ಬಳಸಿ 1935ರಲ್ಲಿ ತನ್ನ ಆರ್ಗನ್ನನ್ನು ಹೊರತಂದ. ಹಲ್ಲುಳ್ಳ ಲೋಹದ ಚಕ್ರಗಳು ಅಯಸ್ಕಾಂತದೆದುರು ತಿರುಗಿ ಸ್ವರ ಹುಟ್ಟಿಸುತ್ತವೆ. ಹೆಸರಾಂತ ಬಿ-3 ಮಾದರಿಯಲ್ಲಿ ಇಂಥ ಚಕ್ರಗಳು 91. ಕೊಳವೆಯ ಆರ್ಗನ್ನಿಗೆ ಹಣವಿಲ್ಲದ ಚರ್ಚುಗಳಿಗಾಗಿ ಆತ ಇದನ್ನು ರೂಪಿಸಿದ. ಪ್ರತಿಯೊಂದು ಮನೆಯ ಕೆಳಗೂ ಒಂಬತ್ತು ತಂತಿ ಸಂಪರ್ಕಗಳು. ಒತ್ತಿದಾಗ ಅವೆಲ್ಲ ಒಂದೇ ಕ್ಷಣಕ್ಕೆ ಕೂಡದೆ 'ಟಿಕ್' ಎಂಬ ಸದ್ದು ಹೊರಡುತ್ತದೆ. ಅದನ್ನು ಅಡಗಿಸಲು ಎಂಜಿನಿಯರುಗಳು ಹೆಣಗಿದರು. ಜಾಜ್ ಮತ್ತು ರಾಕ್ ವಾದಕರೋ ಅದೇ ಬೇಕೆಂದರು! ಡಾನ್ ಲೆಸ್ಲಿ ಎಂಬಾತ ತಿರುಗುವ ಕಹಳೆಯುಳ್ಳ ಧ್ವನಿಪೆಟ್ಟಿಗೆಯನ್ನು ತಂದಾಗ ಹ್ಯಾಮಂಡ್ ಅದನ್ನು ಒಲ್ಲೆನೆಂದ. ಇಂದು ಒಂದಿಲ್ಲದೆ ಇನ್ನೊಂದನ್ನು ನೆನೆಯುವವರಿಲ್ಲ. ಲಾರ್ಡ್ ಇನ್ನೂ ಮುಂದೆ ಹೋಗಿ, ಚರ್ಚಿಗೆಂದೇ ಸುತ್ತಲೂ ಮರ ಹೊದಿಸಿದ ಸಿ-3 ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ನಾದ ಒಡೆದು ಗರ್ಜಿಸುವಂತೆ ಮಾಡಿದ. 1972ರ 'ಮೆಷಿನ್ ಹೆಡ್' ಧ್ವನಿಮುದ್ರಿಕೆಯಲ್ಲಿ ಕೇಳುವುದು ಆ ಗರ್ಜನೆಯನ್ನೇ.

ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯ. ಅದನ್ನು ಬೋಧಿಸುವಾಗಲೆಲ್ಲ ನನಗೆ ಈ 'ಟಿಕ್' ನೆನಪಾಗುತ್ತದೆ.

ಮೂಲವಾದ್ಯವನ್ನೇ ಕೊಳ್ಳಬಾರದೇಕೆ? ಪೀಠ, ಕಾಲುಮಣೆ ಸೇರಿ ಬಿ-3ಯ ತೂಕ ಸುಮಾರು 190 ಕಿಲೋಗ್ರಾಂ. ನಾವಿರುವುದು ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಅಂಗಡಿಯ ತರುಣ ಮೊದಲು ತೋರಿಸಿದುದು 88 ಮನೆಗಳ ಭಾರಿ ಕೀಬೋರ್ಡನ್ನು. "ಸಾವಿರ ನಾದಗಳಿವೆ ಸಾರ್" ಎಂದ. ಪಿಯಾನೋಕ್ಕೆ ಅದು ಸರಿ. ಆರ್ಗನ್ ನುಡಿಸುವ ಕೈಗೆ ಬೇಕಾದುದು ಹಗುರವಾದ ಮನೆ. ಮುಟ್ಟಿದೊಡನೆ, ತಳ ಸೇರುವ ಮುನ್ನವೇ ನುಡಿಯಬೇಕು. ಮುಂದಿನ ಅಂಚು ಹೊರಚಾಚದೆ ನೇರವಾಗಿ ಇಳಿದಿರಬೇಕು. ಇದಕ್ಕೆ ವಾಟರ್‌ಫಾಲ್, ಎಂದರೆ ಜಲಪಾತವೆಂದೇ ಹೆಸರು. ಆಗ ಅಂಗೈಯನ್ನು ಆ ತುದಿಯಿಂದ ಈ ತುದಿಗೆ ಸರ್ರನೆ ಎಳೆದರೂ ಚರ್ಮ ಸುಲಿಯದು. ಬೆರಳಿನ ಬಲಕ್ಕೆ ಆರ್ಗನ್ ಮಣಿಯುವುದಿಲ್ಲ. ಏರಿಳಿತವೆಲ್ಲ ಕಾಲಿನ ಪೆಡಲಿನದು. ಒಂಬತ್ತು ಡ್ರಾಬಾರುಗಳು, ಎಂದರೆ ಎಳೆಗೋಲುಗಳು, ನಿಜವಾಗಿ ಕೈಗೆ ಸಿಗುವಂತಿರಬೇಕು. ಒಂದೊಂದನ್ನೂ ಸೊನ್ನೆಯಿಂದ ಎಂಟರವರೆಗೆ ಎಳೆದು, ಅಡುಗೆಗೆ ಉಪ್ಪುಹುಳಿ ಬೆರೆಸುವಂತೆ ನಾದವನ್ನು ಬೆರೆಸುವುದು ಅಲ್ಲಿಯೇ.

ಕೊನೆಯ ಪರೀಕ್ಷೆ ಲೆಸ್ಲಿಯದು. ನಿಧಾನಗತಿಯಿಂದ ವೇಗಕ್ಕೆ ಬದಲಿಸಿದಾಗ ಮೇಲಿನ ಕಹಳೆ ಬೇಗನೆ, ಕೆಳಗಿನ ಪೀಪಾಯಿ ತಡವಾಗಿ ವೇಗ ಪಡೆಯಬೇಕು. ಎರಡೂ ಒಟ್ಟಿಗೆ ಓಡಿದರೆ ಅನುಕರಣೆ ಕಚ್ಚಾ ಎಂದು ತಿಳಿಯಿರಿ. ಇನ್ನೊಂದು ಮಾತು: 1967ರಲ್ಲಿ ಡೋರ್ಸ್ ತಂಡದ ರೇ ಮಂಜಾರೆಕ್ ನುಡಿಸಿದುದು ಹ್ಯಾಮಂಡ್ ಅಲ್ಲ, ವಾಕ್ಸ್ ಕಾಂಟಿನೆಂಟಲ್. ತೆಳುವಾದ, ಚುಚ್ಚುವ ಆ ಟ್ರಾನ್ಸಿಸ್ಟರ್ ದನಿ ಬೇಕಾದವರು ಅದೂ ಇದೆಯೇ ಎಂದು ವಿಚಾರಿಸಬೇಕು.

ಕೊನೆಗೆ ಎರಡು ಉಳಿದವು: 2018ರಲ್ಲಿ ಬಂದ ಸ್ವೀಡನ್ನಿನ ಕೆಂಪು ನಾರ್ಡ್ ಇಲೆಕ್ಟ್ರೋ 6ಡಿ, 2020ರಲ್ಲಿ ಬಂದ ಯಮಹಾ ವೈಸಿ61. ಎರಡರಲ್ಲಿಯೂ ಜಲಪಾತದ ಮನೆಗಳು, ನಿಜವಾದ ಎಳೆಗೋಲುಗಳು, ವಾಕ್ಸ್ ಮಾದರಿಯ ದನಿ.

ತರುಣ ಆ 'ಟಿಕ್' ಸದ್ದನ್ನು ಪೂರ್ತಿ ಇಳಿಸಿ, "ಈಗ ಶುದ್ಧವಾಯಿತು ಸಾರ್" ಎಂದ. ನನಗೆ ತಾತನ ಹಾರ್ಮೋನಿಯಂ ನೆನಪಾಯಿತು. ಅದರ ತಿದಿಯಲ್ಲೊಂದು ಸಣ್ಣ ತೂತು. ಭಜನೆಯ ಎರಡು ಚರಣಗಳ ನಡುವೆ ಅದು 'ಉಸ್' ಎಂದು ನಿಟ್ಟುಸಿರು ಬಿಡುತ್ತಿತ್ತು. ತಾತ ತೀರಿದ ಮೇಲೆ ಚಿಕ್ಕಪ್ಪ ಅದನ್ನು ರಿಪೇರಿ ಮಾಡಿಸಿದರು. ನಾದ ತಿಳಿಯಾಯಿತು. ಮುಂದಿನ ಶನಿವಾರದ ಭಜನೆಯಲ್ಲಿ ಅಜ್ಜಿ ತಾಳ ನಿಲ್ಲಿಸಿ, "ಇದು ಅವರ ಪೆಟ್ಟಿಗೆಯಲ್ಲ" ಎಂದುಬಿಟ್ಟರು. ಮತ್ತೆ ತಾಳ ಕೈಗೆತ್ತಿಕೊಳ್ಳಲಿಲ್ಲ.

'ಟಿಕ್' ಅನ್ನು ಮತ್ತೆ ಏರಿಸಲು ಹೇಳಿದೆ. ಏಳು ಕಿಲೋಗ್ರಾಂ ತೂಗುವ ಯಮಹಾವನ್ನೇ ಆರಿಸಿದೆ. ನನ್ನ ಬೆನ್ನಿಗೂ ಮಹಡಿಯ ಮೆಟ್ಟಿಲಿಗೂ ಅದು ಒಪ್ಪಿತು. ದೋಷವನ್ನು ಬೇಕಾದಷ್ಟೇ ಏರಿಸಿ ಇಳಿಸುವ ಏರ್ಪಾಡಿನ ಮಹಿಮೆಯನ್ನು ಮನೆಯಲ್ಲಿ ವಿಸ್ತಾರವಾಗಿ ವರ್ಣಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ನನ್ನಾಕೆ, "ನಿಮ್ಮ ಗೊರಕೆಗೂ ಇಂಥದೊಂದು ತಿರುಗುಗುಂಡಿ ಇದ್ದಿದ್ದರೆ!" ಎಂದಳು.